ಮೊದಲ ಮೋಟಾರು ಸೈಕಲ್ಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ನೀತಿ. ಹಣಕಾಸಿನ ವಿಷಯದಲ್ಲಿ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಆದರೆ ಮೋಟಾರು ಸೈಕಲ್ಲನ್ನು ಕೊಳ್ಳಹೊರಟವರಿಗೆ ಈ ಗಾದೆಯಿಂದ ಪ್ರಯೋಜನವಿಲ್ಲ, ಅಪಾಯವೇ ಉಂಟು. ಹಾಸಿಗೆಯನ್ನು ಅಂಗಡಿಯಿಂದ ತರಬಹುದು, ಕಾಲನ್ನು ತರಲಾಗುವುದಿಲ್ಲ. ಅದು ತಾಯಿತಂದೆಗಳು ಕೊಟ್ಟದ್ದು. ಬೆಳೆದ ಮೇಲೆ ನಾಲ್ಕು ಬೆರಳು ಉದ್ದ ಮಾಡಿಕೊಳ್ಳೋಣವೆಂದರೆ ಆಗುವ ಮಾತಲ್ಲ. ಆದುದರಿಂದ ಇಲ್ಲಿ ಗಾದೆಯನ್ನು ತಿರುಗಿಸಿ, ಕಾಲಿದ್ದಷ್ಟು ಹಾಸಿಗೆಯನ್ನು ಹುಡುಕಬೇಕು. ಈ ಸಣ್ಣ ಮಾತನ್ನು ನಾಲ್ಕು ಜನರಿಗೆ ಒಪ್ಪಿಸುವುದು ಎಷ್ಟು ಕಷ್ಟವೆಂಬುದು ಕಳೆದ ವರ್ಷ ನಮ್ಮ ಮನೆಯಲ್ಲಿಯೇ ತಿಳಿಯಿತು. ಇದೇ ಪ್ರಶ್ನೆ ಈಗ ಅನೇಕರ ಮನೆಗಳಲ್ಲಿಯೂ ಏಳುತ್ತಿರುವುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕುಳ್ಳರಿಗೆ ಪುರಾಣಗಳಲ್ಲಿ ದೊರೆತ ಗೌರವ ಲೋಕವ್ಯವಹಾರದಲ್ಲಿ ದೊರೆತಿಲ್ಲ. ವಾಮನನು ಮೂರು ಹೆಜ್ಜೆಗಳಲ್ಲಿ ಮೂರು ಲೋಕಗಳನ್ನು ಅಳೆದನು; ಕುಳ್ಳರಾದ ಅಗಸ್ತ್ಯರು ಸಮುದ್ರವನ್ನೇ ಆಪೋಶನ ಮಾಡಿದರು. ಆದರೆ ಬಸ್ಸಿನಲ್ಲಿ ಹಿಡಿದುಕೊಳ್ಳುವ ಸರಳು, ಬ್ಯಾಂಕಿನಲ್ಲಿ ಕಾಗದ ನೀಡುವ ಕಿಟಕಿ, ಅಡಿಗೆಯ ಮನೆಯ ಮೇಲಣ ಹಲಗೆ, ಇವನ್ನೆಲ್ಲ ಮಾಡಿದವರು ವಾಮನನನ್ನಾಗಲಿ ಅಗಸ್ತ್ಯರನ್ನಾಗಲಿ ನೆನೆದಂತೆ ಕಾಣುವುದಿಲ್ಲ. ನಮ್ಮ ದೇಶದ ಹೆಂಗಸರ ಎತ್ತರ ಸರಾಸರಿಯಲ್ಲಿ ಸುಮಾರು 152 ಸೆಂಟಿಮೀಟರು, ಎಂದರೆ ಐದಡಿಗೆ ಕೂದಲೆಳೆಯಷ್ಟೇ ಅಂತರ. ಹಾಗಾದರೆ ಐದಡಿಯ ಹೆಂಗಸು ಕುಳ್ಳಿಯಲ್ಲ. ದೇಶದ ಅಳತೆಯೇ ಅವಳು. ಆದರೂ ಮೋಟಾರು ಸೈಕಲ್ಲಿನ ಅಂಗಡಿಯಲ್ಲಿ ಅವಳನ್ನು ನೋಡಿ, “ಇದು ನಿಮಗೆ ಎತ್ತರವಾಗುತ್ತದಲ್ಲ” ಎನ್ನುತ್ತಾರೆಯೇ ಹೊರತು, “ನಿಮಗೆ ಹೊಂದುವುದನ್ನು ನಾವು ತರಿಸಿಲ್ಲ” ಎನ್ನುವವರು ಅಪರೂಪ.

ಈ ವಿಷಯವನ್ನು ಕುರಿತು ಮಾತನಾಡಲು ನನಗಿರುವ ಅಧಿಕಾರವೇನೆಂದು ಕೇಳುವವರುಂಟು. ನಾನು ಐದಡಿ ಎರಡಂಗುಲದವನು. ಮೂವತ್ತು ವರ್ಷಗಳ ಕಾಲ ಶಾಲೆಯಲ್ಲಿ ಪಾಠ ಹೇಳಿದೆನು, ಆ ಶಾಲೆಗಳಿಗೆ ಯೆಜ್ಡಿ ಮೋಟಾರು ಸೈಕಲ್ಲಿನ ಮೇಲೆ ಹೋಗಿಬಂದೆನು. ಮೈಸೂರಿನ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ತಯಾರಾಗುತ್ತಿದ್ದ ಆ ಗಾಡಿಗಳನ್ನು ಬಲ್ಲವರು ಈಗಲೂ ಎಷ್ಟೋ ಮಂದಿ ಇದ್ದಾರೆ. ಅದರಲ್ಲಿ ಕಿಕ್ಕು ಮತ್ತು ಗೇರುಗಳಿಗೆ ಒಂದೇ ಸನ್ನೆ. ಒಳಗೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಕೆಳಗಿಳಿಸಿದರೆ ಗೇರು. ನೀಳಕಾಯರು ಒಂದೇ ತುಳಿತಕ್ಕೆ ಅದನ್ನು ಎಬ್ಬಿಸುತ್ತಿದ್ದರು. ನನ್ನಂಥವರು ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೈಭಾರವನ್ನೆಲ್ಲ ಒಂದು ಪಾದಕ್ಕೆ ಒಪ್ಪಿಸಿ ಎಬ್ಬಿಸಬೇಕಾಗಿತ್ತು. ಈಗ ಗುಂಡಿಯನ್ನೊತ್ತಿದರೆ ಎಂಜಿನು ಮಾತನಾಡುತ್ತದೆ. ಕುಳ್ಳರಿಗೆ ಹಿಂದೆ ಅಡ್ಡವಾಗಿದ್ದ ದೊಡ್ಡ ಬಾಗಿಲು ಹೀಗೆ ತೆರೆಯಿತು. ಉಳಿದಿರುವುದು ಆಯ್ಕೆಯ ಬಾಗಿಲು.

ಇರಲಿ, ಪ್ರಕೃತಕ್ಕೆ ಬರೋಣ. ನನ್ನ ಅಣ್ಣನ ಮಗಳು ಪಶುವೈದ್ಯದ ಪದವಿಯನ್ನು ಪಡೆದು, ಹೊಸನಗರದ ಸೀಮೆಯ ಒಂದು ಹಳ್ಳಿಯ ಚಿಕಿತ್ಸಾಲಯಕ್ಕೆ ನೇಮಕವಾದಳು. ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ, ತೂಕ ನಾಲ್ವತ್ತೈದು ಕಿಲೋ. ಮಲೆನಾಡಿನ ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿರುವುದಿಲ್ಲ. ಒಂದು ಊರೆಂದರೆ ನಾಲ್ಕು ಗುಡ್ಡ, ಎರಡು ಹಳ್ಳ, ಹತ್ತು ತೋಟ. ಬಸ್ಸು ಬರುವುದು ಡಾಂಬರು ರಸ್ತೆಯವರೆಗೆ, ಅದೂ ಸಂಜೆಯ ಒಳಗೆ. ದನಗಳಿಗೆ ಕಾಯಿಲೆ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಮೊದಲ ನಾಲ್ಕು ತಿಂಗಳು ಅವಳು ಯಾರ ಯಾರದೋ ಗಾಡಿಯ ಹಿಂದೆ ಕುಳಿತು ಹೋಗುತ್ತಿದ್ದಳು. ಕರೆಯಬಂದ ರೈತನಲ್ಲಿ ಗಾಡಿಯಿದ್ದರೆ ಸರಿ. ಇಲ್ಲದಿದ್ದರೆ ದಾರಿಹೋಕರಲ್ಲಿ ಕೇಳಬೇಕು.

ಕರು ಹಾಕಿದ ಒಂದೆರಡು ದಿನಗಳಲ್ಲಿ ಹಸುವಿಗೆ ಹಾಲುಜ್ವರವೆಂಬ ವ್ಯಾಧಿ ಬರುವುದುಂಟು. ಹೆಸರು ಜ್ವರವಾದರೂ ಮೈ ಬಿಸಿಯಾಗುವುದಿಲ್ಲ, ಕಿವಿ ತಣ್ಣಗಾಗುತ್ತದೆ. ರಕ್ತದಲ್ಲಿದ್ದ ಸುಣ್ಣದ ಅಂಶವೆಲ್ಲ ಹಾಲಿಗೆ ಹರಿದು, ಹಸು ಕುತ್ತಿಗೆಯನ್ನು ಪಕ್ಕೆಗೆ ಒರಗಿಸಿ ಕುಸಿದುಬಿಡುತ್ತದೆ. ರಕ್ತನಾಳದೊಳಕ್ಕೆ ಕ್ಯಾಲ್ಸಿಯಮ್ಮನ್ನು ಮೆಲ್ಲಮೆಲ್ಲನೆ ಇಳಿಸಿದರೆ, ಸತ್ತಂತೆ ಬಿದ್ದಿದ್ದ ಪ್ರಾಣಿ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಂತು ಕರುವನ್ನು ಕರೆಯುವುದನ್ನು ನೋಡಬಹುದು. ವೈದ್ಯಶಾಸ್ತ್ರದಲ್ಲಿ ಇಷ್ಟು ಬೇಗ ಪುಣ್ಯಫಲ ಕೊಡುವ ಚಿಕಿತ್ಸೆ ಹೆಚ್ಚಿಲ್ಲ. ಆದರೆ ತಡವಾದರೆ ಹಸು ಉಳಿಯುವುದಿಲ್ಲ. ಒಂದು ರಾತ್ರಿ ಒಂಬತ್ತು ಕಿಲೋಮೀಟರು ದೂರದ ಒಂಟಿಮನೆಯಿಂದ ಹೀಗೆಯೇ ಕರೆ ಬಂತು. ಔಷಧ ಚೀಲದಲ್ಲಿತ್ತು, ವಿದ್ಯೆ ತಲೆಯಲ್ಲಿತ್ತು. ಕರೆದೊಯ್ಯುವವರು ಮಾತ್ರ ಇರಲಿಲ್ಲ. ಗಾಡಿಯೊಂದು ದೊರೆತು ಅವಳು ಅಲ್ಲಿಗೆ ಮುಟ್ಟುವ ವೇಳೆಗೆ ಕೊಟ್ಟಿಗೆಯಲ್ಲಿ ಕರುವೊಂದೇ ನಿಂತಿತ್ತು. ಆ ಮನೆಯ ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. “ನೀವಾದರೂ ಏನು ಮಾಡುತ್ತೀರಿ ಡಾಕ್ಟ್ರಮ್ಮ, ಬಸ್ಸಿಲ್ಲವಲ್ಲ” ಎಂದು ಹೇಳಿ ಕಾಫಿ ಮಾಡಿಕೊಟ್ಟಳಂತೆ. ಬೈದಿದ್ದರೆ ಮರೆಯಬಹುದಾಗಿತ್ತು, ಆ ಕಾಫಿಯನ್ನು ಮರೆಯಲಾಗುವುದಿಲ್ಲ ಎಂದು ಹುಡುಗಿ ಹೇಳಿದಳು. ಮರುದಿನ ಮನೆಗೆ ದೂರವಾಣಿಯಲ್ಲಿ ಹೇಳಿದ್ದು ಒಂದೇ ಮಾತು: “ಅಪ್ಪ, ನನಗೆ ಮೋಟಾರು ಸೈಕಲ್ಲು ಬೇಕು.”

ಆ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಅತ್ತಿಗೆಯವರ ಮತ ಸ್ಕೂಟರು. ಅದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ, ಹತ್ತುವುದಕ್ಕೆ ಕಾಲನ್ನು ಬೀಸಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಅದೇ ಒಪ್ಪಿತವೆಂದು ಅವರ ವಾದ. ಅಣ್ಣನ ಹಿರಿಯ ಮಗನ ಮತ ಬುಲೆಟ್ಟು. “ಕೊಳ್ಳುವುದೇ ಆದರೆ ಗಟ್ಟಿಯಾದದ್ದನ್ನು ಕೊಳ್ಳಲಿ; ಗಾಡಿ ಗುಡುಗಿದರೆ ಯಾರೂ ಅಡ್ಡ ಬರುವುದಿಲ್ಲ.” ಪಕ್ಕದ ಮನೆಯವರು ಇನ್ನೂ ಜಾಣರು: “ಸೀಟು ತಗ್ಗಾಗಿರುವ ಅವೆಂಜರಿದೆಯಲ್ಲ, ಎರಡು ಪಾದವೂ ನೆಲಕ್ಕೆ ಊರುತ್ತವೆ, ಕುಳ್ಳಗಿನವರಿಗೆ ಹೇಳಿ ಮಾಡಿಸಿದ್ದು” ಎಂದರು. ಹುಡುಗಿ ನನ್ನ ಕಡೆ ತಿರುಗಿ, “ಚಿಕ್ಕಪ್ಪ, ನೀವು ಹೇಳಿ” ಎಂದಳು.

ಸ್ಕೂಟರನ್ನು ಬೇಡವೆನ್ನಲು ಹೆಣ್ಣುಗಂಡೆಂಬ ಭೇದ ಕಾರಣವಲ್ಲ, ಚಕ್ರ ಕಾರಣ. ಸ್ಕೂಟರಿನ ಚಕ್ರ ಸಾಮಾನ್ಯವಾಗಿ ಹತ್ತು ಹನ್ನೆರಡು ಅಂಗುಲದ್ದು. ಮೋಟಾರು ಸೈಕಲ್ಲಿನದು ಹದಿನೇಳು ಹದಿನೆಂಟು ಅಂಗುಲದ್ದು. ದೊಡ್ಡ ಚಕ್ರ ದಾಟಿಹೋಗುವ ಗುಂಡಿಯೊಳಕ್ಕೆ ಸಣ್ಣ ಚಕ್ರ ಇಳಿದು ಕೂರುತ್ತದೆ. ಪಟ್ಟಣದ ಬೀದಿಯಲ್ಲಿ ಸ್ಕೂಟರಿನಂಥ ಸುಖವಾಹನ ಬೇರಿಲ್ಲ. ಆದರೆ ಆಷಾಢದ ಮಳೆಯಲ್ಲಿ ಮಣ್ಣಿನ ಘಟ್ಟವನ್ನೇರಬೇಕಾದವರಿಗೆ ದೊಡ್ಡ ಚಕ್ರವೇ ಬೇಕು. ಅತ್ತಿಗೆಯವರು ಆ ದಾರಿಯನ್ನು ಒಮ್ಮೆ ನೋಡಿಬಂದಿದ್ದರು, ಆದುದರಿಂದ ಒಪ್ಪಿದರು. ಉಳಿದದ್ದು ಬುಲೆಟ್ಟಿನವರೊಡನೆ, ತಗ್ಗು ಸೀಟಿನವರೊಡನೆ ವಾದ.

ನನ್ನ ಮಾತು ಇಷ್ಟೇ: ವಾಹನವನ್ನು ನಾವು ಕೊಳ್ಳುವುದು ಓಡುವುದಕ್ಕಾಗಿ, ಆದರೆ ಮೊದಲ ವಾಹನವನ್ನು ಆರಿಸಬೇಕಾದುದು ನಿಲ್ಲುವುದಕ್ಕಾಗಿ. ಓಡುವ ಮೋಟಾರು ಸೈಕಲ್ಲು ಸವಾರನ ಕಾಲನ್ನು ಕೇಳುವುದಿಲ್ಲ. ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ವೇಗ ಬಂದಿತೆಂದರೆ ಅದರ ಮುಂಚಕ್ರದ ಓರೆಯೂ ಉರುಳುವ ಚಕ್ರಗಳ ಗುಣವೂ ಸೇರಿ ಅದು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಆಗ ಆರಡಿಯವನೂ ಐದಡಿಯವಳೂ ಸಮಾನರು. ಭೇದ ಬರುವುದು ಕೊನೆಯ ಎರಡು ಮಾರುಗಳಲ್ಲಿ. ಗಾಡಿ ನಿಧಾನವಾಗಿ, ಚಕ್ರದ ಬಲ ಕುಂದಿ, ಭಾರವೆಲ್ಲ ಒಂದು ಕಾಲಿನ ಮೇಲೆ ಬಂದಾಗ. ಹೊಸಬರು ಬೀಳುವುದು ಬಹಳ ಮಟ್ಟಿಗೆ ಈ ಎರಡು ಮಾರುಗಳಲ್ಲಿಯೇ: ಹೊರಳುವಾಗ, ನಿಲ್ಲಿಸುವಾಗ, ಹಿಂದಕ್ಕೆ ತಳ್ಳುವಾಗ.

ಶಾಲೆಯ ಮೇಷ್ಟರಾದುದರಿಂದ ಸುಣ್ಣದ ಕಡ್ಡಿಯನ್ನು ತೆಗೆದುಕೊಂಡು ಜಗಲಿಯ ಮೇಲೆ ಲೆಕ್ಕವನ್ನು ಬರೆದು ತೋರಿಸಿದೆನು. ಗಾಡಿಯ ಭಾರಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದೆ, ಹಿಡಿದುಕೊಂಡ ಹ್ಯಾಂಡಲ್ಲು ಒಂದು ಮೀಟರಿನಲ್ಲಿದೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ಬುಲೆಟ್ಟಿನ ತೂಕ 195 ಕಿಲೋ. ಅದು ನೆಟ್ಟಗಿರುವಾಗ ಕೈಗೆ ಭಾರವೇ ಇಲ್ಲ. ಐದು ಅಂಶ ವಾಲಿದರೆ ಎಂಟೂವರೆ ಕಿಲೋ ಕೈಗೆ ಬರುತ್ತದೆ. ಒಂದು ಕೊಡ ನೀರಿನಷ್ಟು, ಯಾರಾದರೂ ಹಿಡಿಯಬಹುದು. ಇಪ್ಪತ್ತು ಅಂಶ ವಾಲಿದರೆ ಮೂವತ್ತಮೂರು ಕಿಲೋ. ಆ ಭಾರವನ್ನು ತುದಿಗಾಲಿನಲ್ಲಿ ನಿಂತು ತಡೆಯುವುದು ಪೈಲವಾನರಿಗೂ ಸುಲಭವಲ್ಲ. ಅದೇ 112 ಕಿಲೋ ತೂಕದ ಸ್ಪ್ಲೆಂಡರಾದರೆ ಐದು ಅಂಶಕ್ಕೆ ಐದು ಕಿಲೋ, ಇಪ್ಪತ್ತು ಅಂಶಕ್ಕೆ ಹತ್ತೊಂಬತ್ತು. ಎಲ್ಲ ಗಾಡಿಗಳೂ ವಾಲುತ್ತವೆ. ವಾಲಿದುದನ್ನು ತಡೆದು ನಿಲ್ಲಿಸಲು ಸವಾರನಿಗೆ ಎಷ್ಟು ಅವಕಾಶ ಕೊಡುತ್ತವೆಂಬುದರಲ್ಲಿ ಅವುಗಳ ದಯಾಗುಣ ತಿಳಿಯುತ್ತದೆ. ಹಗುರವಾದ ಗಾಡಿ ಹೊಸಬರನ್ನು ಎರಡು ಸಲ ಕ್ಷಮಿಸುತ್ತದೆ, ಭಾರವಾದುದು ಒಂದು ಸಲವೂ ಕಷ್ಟ.

“ಹಾಗಾದರೆ ತಗ್ಗು ಸೀಟು ಒಳ್ಳೆಯದೇ ತಾನೆ?” ಎಂದರು ಪಕ್ಕದ ಮನೆಯವರು. ಇಲ್ಲಿಯೇ ಅನೇಕರು ಮೋಸಹೋಗುವುದು. ತಯಾರಕರು ಪ್ರಕಟಿಸಿದ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅವೆಂಜರು ಸ್ಟ್ರೀಟ್ 160 ಎಂಬುದರ ಸೀಟಿನ ಎತ್ತರ 737 ಮಿಲಿಮೀಟರು, ತೂಕ 156 ಕಿಲೋ. ಮೀಟಿಯರ್ 350 ಎಂಬುದರದು 765 ಮಿಲಿಮೀಟರು, 191 ಕಿಲೋ. ಸ್ಪ್ಲೆಂಡರಿನದು 785 ಮಿಲಿಮೀಟರು, 112 ಕಿಲೋ. 2023ರಲ್ಲಿ ಬಂದ ಶೈನ್ 100 ಎಂಬುದರದು 786 ಮಿಲಿಮೀಟರು, ತೂಕ 99 ಕಿಲೋ ಮಾತ್ರ. ಬುಲೆಟ್ಟಿನದು 805 ಮಿಲಿಮೀಟರು, ತೂಕವನ್ನು ಆಗಲೇ ಹೇಳಿದ್ದೇನೆ. ಸೀಟೊಂದನ್ನೇ ನೋಡಿದರೆ ಮೊದಲ ಎರಡು ಗೆಲ್ಲುತ್ತವೆ. ಸಮತಟ್ಟಾದ ಅಂಗಡಿಯ ನೆಲದ ಮೇಲೆ ಎರಡು ಪಾದಗಳನ್ನೂ ಊರಿ ಕುಳಿತಾಗ ಮನಸ್ಸಿಗೆ ಬಹಳ ಧೈರ್ಯವೂ ಬರುತ್ತದೆ. ಆದರೆ ಮಲೆನಾಡಿನ ಮನೆಯಂಗಳಗಳು ಅಂಗಡಿಯ ನೆಲವಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತ ಗಾಡಿಯನ್ನು ಹಿಂದಕ್ಕೆ ಎಳೆಯುವಾಗ ಪಾದ ಊರಿದೆಯೆಂಬ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನಾಲ್ವತ್ತೈದು ಕಿಲೋದವಳು ನೂರ ತೊಂಬತ್ತೊಂದನ್ನು ಎಳೆಯಬೇಕು.

ಇಷ್ಟೇ ಅಲ್ಲ. ಸೀಟಿನ ಎತ್ತರವೆಂಬ ಅಂಕಿ ಪೂರ್ಣಸತ್ಯವೂ ಅಲ್ಲ. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹರಡಿ ಕಾಲಿನ ಉದ್ದ ನಷ್ಟವಾಗುತ್ತದೆ. ಕಿರಿದಾಗಿದ್ದರೆ ಅದೇ ಎತ್ತರಕ್ಕೆ ಕಾಲು ಸುಲಭವಾಗಿ ಇಳಿಯುತ್ತದೆ. ಸವಾರ ಕುಳಿತಾಗ ಸ್ಪ್ರಿಂಗು ತಗ್ಗುವುದರಿಂದಲೂ ಸ್ವಲ್ಪ ಲಾಭವುಂಟು. ಅಡಿ ಗಟ್ಟಿಯಾದ ಬೂಟಿನಿಂದ ಎರಡು ಮೂರು ಸೆಂಟಿಮೀಟರು ಗಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಪಾದಗಳೂ ನೆಲ ಮುಟ್ಟಬೇಕೆಂಬ ಹಟವೇ ಅನಾವಶ್ಯಕ. ಬಲಗಾಲು ಬ್ರೇಕಿನ ಮೇಲಿದ್ದು, ಸೊಂಟವನ್ನು ಸೀಟಿನ ಎಡ ಅಂಚಿಗೆ ಸರಿಸಿ, ಎಡಗಾಲಿನ ಮುಂಬಾಗ ಒಂದೇ ನೆಲದ ಮೇಲೆ ಭದ್ರವಾಗಿ ಊರಿದರೆ ಸಾಕು. ದಶಕಗಳ ಕಾಲ ನಾನು ಹಾಗೆಯೇ ನಿಂತಿದ್ದೇನೆ. ಗಾಡಿ ಹಗುರವಾಗಿದ್ದರೆ ಒಂದು ಪಾದ ಸಾಕಾಗುತ್ತದೆ. ಭಾರವಾಗಿದ್ದರೆ ಎರಡೂ ಸಾಲದು. ಆದುದರಿಂದ ಕುಳ್ಳಗಿನ ಹೊಸಬರು ಮೊದಲು ತೂಕವನ್ನು ನೋಡಬೇಕು, ಆಮೇಲೆ ಆ ತೂಕ ಇರುವ ಜಾಗವನ್ನು, ಮೂರನೆಯದಾಗಿ ಸೀಟಿನ ಎತ್ತರವನ್ನು. ಅಂಗಡಿಯಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ವಾದದಿಂದ ಯಾರೂ ಸೋಲುವುದಿಲ್ಲವಾದುದರಿಂದ ಶಾಲೆಯ ಮೈದಾನಕ್ಕೆ ಹೋದೆವು. ಅಣ್ಣನ ಮಗನ ಬುಲೆಟ್ಟನ್ನೂ, ಬಂಧುಗಳೊಬ್ಬರ ಹಳೆಯ ಸ್ಪ್ಲೆಂಡರನ್ನೂ ತಂದಿದ್ದೆವು. ನಾಲ್ಕು ಪರೀಕ್ಷೆಗಳನ್ನು ಇಟ್ಟೆನು. ಮೊದಲನೆಯದು, ಸೈಡ್ ಸ್ಟ್ಯಾಂಡಿನ ಮೇಲೆ ಒರಗಿದ ಗಾಡಿಯ ಮೇಲೆ ಕುಳಿತು ಅದನ್ನು ನೆಟ್ಟಗೆ ಮಾಡುವುದು. ಎರಡನೆಯದು, ಇಳಿದು ಪಕ್ಕದಲ್ಲಿ ನಿಂತು, ಗಾಡಿಯನ್ನು ಸ್ವಲ್ಪ ಏರಿನಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳುವುದು. ಮೂರನೆಯದು, ಎಡಗೈಯ ಬೆರಳುಗಳಿಂದ ಕ್ಲಚ್ಚನ್ನು ಪೂರ್ತಿ ಹಿಡಿದು, ನೂರು ಎಣಿಸುವವರೆಗೆ ಮೆಲ್ಲಗೆ ಬಿಡುತ್ತ ಹಿಡಿಯುತ್ತ ಇರುವುದು. ಸಣ್ಣ ಅಂಗೈಯವರಿಗೆ ಕಾಲಿಗಿಂತ ಮೊದಲು ಸೋಲುವುದು ಬೆರಳು. ನಾಲ್ಕನೆಯದು, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದ ಗಾಡಿಯನ್ನು ತಾನೊಬ್ಬಳೇ ಎಬ್ಬಿಸುವುದು.

ಈ ನಾಲ್ಕನೆಯದಕ್ಕೆ ಒಂದು ಉಪಾಯವುಂಟು. ಗಾಡಿಗೆ ಮುಖಮಾಡಿ ಬಾಗಿ ಎತ್ತಹೋದರೆ ಬೆನ್ನು ಹಿಡಿಯುತ್ತದೆ. ಅದರ ಕಡೆಗೆ ಬೆನ್ನುಮಾಡಿ, ಕುಕ್ಕರಗಾಲಿನಲ್ಲಿ ಕುಳಿತು, ಸೊಂಟದ ಕೆಳಭಾಗವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಹಿಂಬದಿಯ ಕಂಬಿಯನ್ನೂ ಹಿಡಿದು, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆಗಳನ್ನು ಹಿಂದಕ್ಕೆ ಇಡುತ್ತ ಹೋಗಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡನ್ನು ಬಿಡಿಸಿಟ್ಟಿರಬೇಕು, ಇಲ್ಲವಾದರೆ ಎದ್ದದ್ದು ಆಚೆಗೆ ಬೀಳುತ್ತದೆ. ಉರುಳದಂತೆ ಗೇರಿನಲ್ಲಿ ಇರಿಸುವುದೂ ಒಳ್ಳೆಯದು. ಹುಡುಗಿ ಸ್ಪ್ಲೆಂಡರನ್ನು ಎರಡನೆಯ ಪ್ರಯತ್ನಕ್ಕೆ ಎಬ್ಬಿಸಿದಳು. ಬುಲೆಟ್ಟು ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದಕ್ಕೂ ಹೋಗದು, ಹಿಂದಕ್ಕೂ ಬಿಡುವಂತಿಲ್ಲ. ಅವಳ ಅಣ್ಣ ಓಡಿಬಂದು ಹಿಡಿದುಕೊಂಡನು. ಅವನಿಗೆ ನಾನು ಏನನ್ನೂ ಹೇಳಲಿಲ್ಲ. ಅವನೇ, “ಚಿಕ್ಕಪ್ಪ, ಆ ಕಾಡಿನಲ್ಲಿ ನಾನಿರುವುದಿಲ್ಲವಲ್ಲ” ಎಂದನು. ಸಭೆಯ ತೀರ್ಮಾನ ಅಲ್ಲಿಗಾಯಿತು.

ಅಂಗಡಿಗೆ ಹೋದಾಗ ನಡೆದುದನ್ನು ಹೇಳಬೇಕು. ಮಾರಾಟದ ತರುಣನು ಹುಡುಗಿಯನ್ನು ದಾಟಿ ನನ್ನನ್ನು ನೋಡಿ, “ಯಾರಿಗೆ ಸಾರ್ ಗಾಡಿ?” ಎಂದನು. ಅವಳೇ, “ನನಗೆ” ಎಂದಳು. ಅವನು ಕ್ಷಣಕಾಲ ಯೋಚಿಸಿ, ಸೀಟಿನ ಒಳಗಣ ಸ್ಪಂಜನ್ನು ಕೊಯ್ಯಿಸಿ ಹಿಂದಿನ ಸ್ಪ್ರಿಂಗನ್ನೂ ತಗ್ಗಿಸಿಕೊಡುವುದಾಗಿ ಹೇಳಿದನು. ಸದುದ್ದೇಶದ ಮಾತೇ, ಆದರೆ ಹೊಸಬರಿಗೆ ಒಪ್ಪುವುದಲ್ಲ. ಸ್ಪಂಜನ್ನು ಕೊಯ್ದರೆ ಒಂದು ಗಂಟೆಯ ಪ್ರಯಾಣದಲ್ಲಿ ಸೊಂಟ ಅದರ ಬೆಲೆಯನ್ನು ಕೊಡುತ್ತದೆ. ಗಾಡಿಯ ಮೈಯನ್ನೇ ತಗ್ಗಿಸಿದರೆ ಸೈಡ್ ಸ್ಟ್ಯಾಂಡು ಉದ್ದವಾದಂತಾಗಿ, ಗಾಡಿ ಸರಿಯಾಗಿ ಒರಗದೆ ನೆಟ್ಟಗೆ ನಿಂತು, ಸ್ವಲ್ಪ ತಾಗಿದರೆ ಆಚೆಗೆ ಉರುಳುತ್ತದೆ. ದಾರಿಯ ಕಲ್ಲುಗಳೂ ಹೊಟ್ಟೆಗೆ ಬಡಿಯುತ್ತವೆ. ಮೊದಲು ಇದ್ದಂತೆಯೇ ಆರು ತಿಂಗಳು ಓಡಿಸಿ, ಆಮೇಲೆ ಬೇಕಾದರೆ ತಿದ್ದಿಸಬಹುದು. ಬಹುಪಾಲು ಜನರಿಗೆ ಆಗ ಬೇಕೆನಿಸುವುದಿಲ್ಲ. ಮಾಡಿಸಿದ ಬದಲಾವಣೆ ಒಂದೇ: ಕ್ಲಚ್ಚಿನ ತಂತಿಯನ್ನು ಸರಿಪಡಿಸಿ, ಅದು ಹಿಡಿಯುವ ಜಾಗ ಬೆರಳುಗಳಿಗೆ ಹತ್ತಿರವಾಗುವಂತೆ ಮಾಡಿದ್ದು. ಹೆಲ್ಮೆಟ್ಟನ್ನು ಆರಿಸುವುದಕ್ಕೆ ಗಾಡಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಐ.ಎಸ್.ಐ. ಮುದ್ರೆಯಿದ್ದರೆ ಮಾತ್ರ ಸಾಲದು. ತಲೆಗೆ ಸಡಿಲವಾದ ಹೆಲ್ಮೆಟ್ಟು ಬೇಕಾದಾಗ ತಲೆಯ ಮೇಲಿರುವುದಿಲ್ಲ.

ಆ ತರುಣನ ಪ್ರಶ್ನೆಯನ್ನು ನಾನು ತಪ್ಪೆಣಿಸಲಿಲ್ಲ. ನಮ್ಮ ಮೋಟಾರು ಸೈಕಲ್ಲುಗಳನ್ನೇ ನೋಡಿದರೆ ಅವನ ಪ್ರಶ್ನೆ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಹಿಂಚಕ್ರದ ಪಕ್ಕದಲ್ಲಿ ಒಂದು ಜಾಲರಿಯಿರುತ್ತದಷ್ಟೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದರಂತೆ, ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ ಇರಬೇಕು. ಹಿಡಿದುಕೊಳ್ಳಲು ಕಂಬಿಯೂ ಕಾಲಿಡಲು ಆಸರೆಯೂ ಇರಬೇಕು. ಜನರು ಅದನ್ನು ಸೀರೆಯ ಜಾಲರಿಯೆಂದೇ ಕರೆಯುತ್ತಾರೆ. ಬಹಳ ಕರುಣೆಯ ನಿಯಮ, ಎಷ್ಟೋ ಜೀವಗಳನ್ನು ಉಳಿಸಿರುವುದು. ಆದರೆ ಹೆಂಗಸಿನ ನೆನಪಾದುದು ಹಿಂದಿನ ಸೀಟಿಗೆ ಬಂದಾಗ ಮಾತ್ರ. ಮುಂದಿನ ಸೀಟನ್ನು ಅಳೆಯುವಾಗ ಯಾರಿಗೂ ಅವಳ ನೆನಪಾಗಲಿಲ್ಲ.

ಬೇರೆ ದೇಶಗಳಲ್ಲಿಯೂ ಕಥೆ ಹೀಗೆಯೇ ಆರಂಭವಾಯಿತು. 1916ರಲ್ಲಿ ಅಮೆರಿಕದ ಅಗಸ್ಟಾ ಮತ್ತು ಆಡಲೈನ್ ವ್ಯಾನ್ ಬ್ಯೂರನ್ ಎಂಬ ಸಹೋದರಿಯರು, ಯುದ್ಧಕಾಲದಲ್ಲಿ ಸಂದೇಶ ಒಯ್ಯುವ ಕೆಲಸಕ್ಕೆ ಹೆಂಗಸರೂ ಯೋಗ್ಯರೆಂದು ತೋರಿಸಲು, ಮೋಟಾರು ಸೈಕಲ್ಲುಗಳ ಮೇಲೆ ಆ ಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ದಾರಿಯಲ್ಲಿ ಪೋಲೀಸರು ಅವರನ್ನು ಹಿಡಿದದ್ದು ವೇಗಕ್ಕಾಗಿ ಅಲ್ಲ, ಗಂಡಸರ ಉಡುಪು ತೊಟ್ಟಿದ್ದಕ್ಕಾಗಿ. ಸೈನ್ಯದವರು ಅವರನ್ನು ಆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಜಪಾನಿನವರು 1958ರಲ್ಲಿ ಇನ್ನೊಂದು ದಾರಿಯನ್ನು ಹಿಡಿದರು. ಹೋಂಡಾ ಕಂಪೆನಿ ಸೂಪರ್ ಕಬ್ ಎಂಬ ಸಣ್ಣ ಗಾಡಿಯನ್ನು ಮಾಡಿತು. ಅದನ್ನು ಹತ್ತಲು ಕಾಲನ್ನು ಸೀಟಿನ ಮೇಲೆ ಬೀಸಬೇಕಾಗಿಲ್ಲ. ಗೇರು ಇದ್ದರೂ ಕೈಯ ಕ್ಲಚ್ಚಿಲ್ಲ. ಅಂಗಡಿಯ ಹುಡುಗ ಒಂದು ಕೈಯಲ್ಲಿ ಊಟದ ತಟ್ಟೆಗಳನ್ನು ಹಿಡಿದು ಇನ್ನೊಂದರಿಂದ ಓಡಿಸಬೇಕೆಂಬುದೇ ಅದರ ಅಳತೆಗೋಲು. ಅದರ ಚಕ್ರವೋ ಸ್ಕೂಟರಿನದಲ್ಲ, ಹದಿನೇಳು ಅಂಗುಲದ್ದು. 2017ರ ವೇಳೆಗೆ ಅಂಥ ಗಾಡಿಗಳು ಹತ್ತು ಕೋಟಿ ತಯಾರಾಗಿದ್ದುವು. ಯಂತ್ರವನ್ನು ಮನುಷ್ಯನ ಅಳತೆಗೆ ಮಾಡಿದರೆ ಕೊಳ್ಳುವವರಿಗೆ ಕೊರತೆಯಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಗಾಡಿಯನ್ನು ಆರಿಸುವುದು ಅರ್ಧ, ನಿಲ್ಲಿಸಲು ಕಲಿಯುವುದು ಇನ್ನರ್ಧ. ಮೂರು ವಾರ ಹುಡುಗಿ ಮೈದಾನದಲ್ಲಿ ಮೊದಲನೆಯ ಗೇರನ್ನು ಬಿಟ್ಟು ಮೇಲಕ್ಕೆ ಹೋಗಲಿಲ್ಲ. ಕ್ಲಚ್ಚು ಅರ್ಧ ಹಿಡಿಯುವ ಜಾಗವನ್ನು ಬೆರಳಿಗೆ ಕಲಿಸಬೇಕು. ನಡೆಯುವ ಮನುಷ್ಯನಷ್ಟು ಮೆಲ್ಲಗೆ ಗಾಡಿಯನ್ನು ಓಡಿಸಬಲ್ಲವನಿಗೆ ಕಾಲು ಊರುವ ಸಂದರ್ಭವೇ ಕಡಿಮೆ. ಎಂಟರ ಆಕಾರದಲ್ಲಿ ಸುತ್ತಬೇಕು. ಪರೀಕ್ಷೆಯಲ್ಲಿ ಕೇಳುತ್ತಾರೆಂದಲ್ಲ, ಹೊರಳುವಾಗ ಕಣ್ಣು ಚಕ್ರವನ್ನು ಬಿಟ್ಟು ಹೋಗಬೇಕಾದ ಕಡೆಯನ್ನು ನೋಡುವ ಅಭ್ಯಾಸವಾಗಲೆಂದು. ಅವಳಿಗೆ ನಾನು ಹೇಳಿದ ಮುಖ್ಯ ಪಾಠ ಇದು: ಎತ್ತರದವರು ಕಾಲಿನಿಂದ ಗಾಡಿ ನಿಲ್ಲಿಸಬಹುದು, ನಾವು ಕಣ್ಣಿನಿಂದ ನಿಲ್ಲಿಸಬೇಕು. ಇಪ್ಪತ್ತು ಮಾರು ದೂರದಲ್ಲಿಯೇ ಎಡಗಾಲು ಊರುವ ಜಾಗವನ್ನು ಆರಿಸಿಕೊಳ್ಳಬೇಕು. ಅಲ್ಲಿ ಗುಂಡಿಯಿದೆಯೆ, ಜಾರುವ ಎಲೆಯಿದೆಯೆ, ನೆಲ ಎಡಕ್ಕೆ ಇಳಿದಿದೆಯೆ? ರಸ್ತೆಯ ಅಂಚು ತಗ್ಗಾಗಿದ್ದರೆ ಎರಡಡಿ ಒಳಗೇ ನಿಲ್ಲಿಸಬೇಕು. ಇಳಿಜಾರಿನ ಅಂಗಳಕ್ಕೆ ಹೋದರೆ ಮೊದಲೇ ಹೊರಳಿಸಿ, ಹೊರಡುವ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಬೇಕು. ಔಷಧದ ಚೀಲವನ್ನು ಹಿಂದುಗಡೆ ಎತ್ತರಕ್ಕೆ ಕಟ್ಟದೆ ಇಬ್ಬದಿಯ ಚೀಲಗಳಲ್ಲಿ ತಗ್ಗಿಗೆ ಹಂಚಬೇಕು. ಹಾಗೆ ಮಾಡಿದರೆ ಹತ್ತುವಾಗ ಕಾಲನ್ನು ಬೀಸುವುದಕ್ಕೂ ಅಡ್ಡಿಯಿಲ್ಲ. ಎತ್ತರದವನಿಗೆ ಇವು ಬೇಕಿಲ್ಲದ ಪಾಠಗಳೆನಿಸಬಹುದು. ಆದರೆ ಇವನ್ನು ಕಲಿತ ಸವಾರ ಎತ್ತರದವನಿಗಿಂತ ಜಾಗರೂಕನಾಗುತ್ತಾನೆ. ದೇಹದಲ್ಲಿ ಕೊರತೆಯೆಂದು ಎಣಿಸಿದುದು ಕಣ್ಣಿನಲ್ಲಿ ಹೆಚ್ಚಳವಾಗಿ ಬರುತ್ತದೆ.

ಅವಳು ಬೀಳಲಿಲ್ಲವೆ? ಬಿದ್ದಳು. ಮೊದಲ ಮಳೆಗಾಲದಲ್ಲಿ ಎರಡು ಸಲ, ಎರಡೂ ಸಲ ನಿಲ್ಲಿಸುವಾಗ, ಕೆಸರಿನಲ್ಲಿ. ಎರಡೂ ಸಲ ಗಾಡಿಗೆ ಬೆನ್ನುಕೊಟ್ಟು ಎಬ್ಬಿಸಿಕೊಂಡು ಹೋದಳು. ಎರಡನೆಯ ಸಲ ದೂರದಿಂದ ನೋಡಿದ ಕೂಲಿಯವರು ಸಹಾಯಕ್ಕೆ ಓಡಿಬರುವಷ್ಟರಲ್ಲಿ ಗಾಡಿ ನಿಂತಿತ್ತಂತೆ. ಈಗ ಆ ಕಡೆಯ ಮಕ್ಕಳು ಎಂಜಿನಿನ ಸದ್ದಿನಿಂದಲೇ ಗುರುತು ಹಿಡಿದು ಬೇಲಿಯ ಹತ್ತಿರ ಬರುತ್ತಾರೆ. ಕಳೆದ ಕಾರ್ತಿಕದ ಒಂದು ರಾತ್ರಿ ಗುಡ್ಡದಾಚೆಯ ಮನೆಯಲ್ಲಿ ಹಾಲುಜ್ವರದಿಂದ ಬಿದ್ದ ಹಸು, ಅವಳು ಸೀಸೆಯನ್ನು ಖಾಲ್ ಮಾಡಿ ಕೈ ತೊಳೆದುಕೊಳ್ಳುತ್ತಿದ್ದಾಗ ಎದ್ದು ನಿಂತಿತೆಂದು ಪತ್ರ ಬರೆದಿದ್ದಾಳೆ. ಪತ್ರದಲ್ಲಿ ಗಾಡಿಯ ವಿಷಯ ಒಂದು ಮಾತೂ ಇಲ್ಲ. ಗಾಡಿಯನ್ನು ಸರಿಯಾಗಿ ಆರಿಸಿದ್ದೇವೆಂಬುದಕ್ಕೆ ನನಗೆ ಅಷ್ಟು ಸಾಕು.

ಮೊದಲ ವಾಹನ ಕೊನೆಯ ವಾಹನವಾಗಬೇಕಾಗಿಲ್ಲ. ಎರಡು ವರ್ಷ ಹಗುರವಾದುದರ ಮೇಲೆ ಕೈ ಪಳಗಿದ ಮೇಲೆ ಅವಳು ಬುಲೆಟ್ಟನ್ನೇ ಕೊಂಡರೂ ನಾನು ಬೇಡವೆನ್ನುವುದಿಲ್ಲ. ಆಗ ಅದರ ಭಾರವನ್ನು ಹೊರುವುದು ತೊಡೆಯಲ್ಲ, ಅಭ್ಯಾಸ. ಆದರೆ ಮೊದಲನೆಯದು ಗುರುವಿನಂತೆ ಇರಬೇಕು. ಒಳ್ಳೆಯ ಗುರು ಶಿಷ್ಯನನ್ನು ತನ್ನ ಎತ್ತರಕ್ಕೆ ಎಳೆಯುವುದಿಲ್ಲ. ತಾನು ಬಾಗಿ ಅವನ ಕೈಹಿಡಿಯುತ್ತಾನೆ, ನಡೆಯಬಲ್ಲನೆಂದು ಕಂಡಾಗ ಬಿಡುತ್ತಾನೆ. ಮನೆಯಲ್ಲಿ ಸಣ್ಣ ಆಳ್ತನದ ಮಗಳೋ ಮಗನೋ ಮೋಟಾರು ಸೈಕಲ್ಲನ್ನು ಕೇಳಿದಾಗ, “ನಿನ್ನ ಕೈಲಾಗುತ್ತದೆಯೆ?” ಎಂದು ಕೇಳುವ ಮೊದಲು, “ನಿನ್ನ ಕೈಲಾಗುವುದು ಯಾವುದು, ನೋಡೋಣ ಬಾ” ಎಂದು ಮೈದಾನಕ್ಕೆ ಕರೆದುಕೊಂಡು ಹೋಗುವ ಹಿರಿಯರು ಹೆಚ್ಚಾಗಲಿ ಎಂಬುದು ನನ್ನ ಆಸೆ.